ರೇಷ್ಮೆ ಪ್ರೋಟೀನು

ರೇಷ್ಮೆಹುಳು ಹಿಪ್ಪುನೇರಳೆ ಸೊಪ್ಪಿನ ಪ್ರೋಟೀನನ್ನು ಹೊಟ್ಟೆಯಲ್ಲಿ ಒಡೆದು, ಅದರಿಂದ ಸಿಕ್ಕ ಅಮೈನೋ ಆಮ್ಲಗಳನ್ನು ಮತ್ತೆ ಜೋಡಿಸಿ ಕಟ್ಟುವ ಬೃಹದಣು. ಎಳೆಯ ತಿರುಳು ಫೈಬ್ರಾಯಿನ್, ಅದನ್ನು ಸುತ್ತಿದ ಅಂಟು ಸೆರಿಸಿನ್.

ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಯನ್ನು ಬೆಳೆಸಿದವನು ಟಿಪ್ಪು ಸುಲ್ತಾನ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ನೇಯ್ಗೆ ಕಾರ್ಖಾನೆ ಶುರುವಾಯಿತು. ಅದಕ್ಕೆ ನೂಲು ಒದಗಿಸುವ ಬಿಚ್ಚಾಣಿಕೆ ಕಾರ್ಖಾನೆ ತಿರುಮಕೂಡಲು ನರಸೀಪುರದಲ್ಲಿದೆ. 

ಪ್ರೋಟೀನು ಎಂದರೇನು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ವಿಜ್ಞಾನ ರೇಷ್ಮೆಯತ್ತ ಮತ್ತೆ ಮತ್ತೆ ಹೋಗಿದೆ. ಮೊದಲು ನಡೆದದ್ದು ಒಡೆಯುವ ಕೆಲಸ. 1865ರಲ್ಲಿ ಎಮಿಲ್ ಕ್ರಾಮರ್ ಸೆರಿಸಿನ್ನನ್ನು ಒಡೆದು ಸೆರೀನ್ ಎಂಬ ಅಮೈನೋ ಆಮ್ಲವನ್ನು ಪಡೆದರು. 1902ರಲ್ಲಿ ಎಮಿಲ್ ಫಿಷರ್ ಮತ್ತು ಫ್ರಾಂಜ್ ಹಾಫ್‌ಮೈಸ್ಟರ್ ಬೇರೆ ಬೇರೆಯಾಗಿ, ಅಮೈನೋ ಆಮ್ಲಗಳು ಪೆಪ್ಟೈಡ್ ಬಂಧದಿಂದ ಸರಪಳಿಯಾಗುತ್ತವೆ ಎಂದರು. ರೇಷ್ಮೆಯನ್ನು ಅರೆಬರೆ ಒಡೆದಾಗ ಗ್ಲೈಸೀನ್, ಅಲನೀನ್ ಜೋಡಿಯಾಗಿಯೇ ಉಳಿದದ್ದನ್ನು ಫಿಷರ್ ಬಳಗ ಕಂಡಿತು. ಸರಪಳಿಯ ವಾದಕ್ಕೆ ಇದಕ್ಕಿಂತ ನೇರವಾದ ಪುರಾವೆ ಆಗ ಬೇರೆ ಇರಲಿಲ್ಲವೆಂದೇ ಹೇಳಬೇಕು. ಈ ಸರಪಳಿಗಳು ಪಕ್ಕಪಕ್ಕ ಚಪ್ಪಟೆಯಾಗಿ ಒತ್ತೊತ್ತಾಗಿ ಕೂರುವ ಬಗೆಯನ್ನು 1955ರಲ್ಲಿ ಮಾರ್ಷ್, ಕೋರಿ ಮತ್ತು ಪೌಲಿಂಗ್ ವಿವರಿಸಿದರು. ಎಳೆಯ ಗಟ್ಟಿತನ ಬಂದದ್ದು ಅಲ್ಲಿಂದ.

ಕಟ್ಟುವ ಕೆಲಸ ಸಾಕಾಣಿಕೆ ಮನೆಯಲ್ಲೇ ಕಾಣಸಿಗುತ್ತದೆ. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಹಂತ, ಮುಗಿಸಿ ಎದ್ದ ಹುಳುವಿನ ಹಸಿವು ತಡೆಯಲಾಗದ್ದು. ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಅದು ಈ ಕೊನೆಯ ವಾರದಲ್ಲೇ ತಿನ್ನುತ್ತದೆ. ಆಮೇಲೆ ಮೇವು ಬಿಟ್ಟು, ಮೈ ತಿಳಿಯಾಗಿ, ಹಣ್ಣಾಗುತ್ತದೆ. ರೈತರು ಅದನ್ನು ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಹಾಕುತ್ತಾರೆ. ಅಷ್ಟರಲ್ಲಿ ರೇಷ್ಮೆಗ್ರಂಥಿಯ ಹಿಂಭಾಗ ಫೈಬ್ರಾಯಿನ್ನನ್ನೂ ನಡುಭಾಗ ಸೆರಿಸಿನ್ನನ್ನೂ ತಯಾರಿಸಿರುತ್ತವೆ. ಫೈಬ್ರಾಯಿನ್ನಿನ ದೊಡ್ಡ ಸರಪಳಿಯಲ್ಲಿ 5,263 ಅಮೈನೋ ಆಮ್ಲಗಳಿವೆ. ಅರ್ಧಕ್ಕೆ ಸಮೀಪ ಗ್ಲೈಸೀನೇ. ಇಷ್ಟು ರಾಶಿ ಕಟ್ಟಲು ಫೈಬ್ರಾಯಿನ್ ಜೀನಿನ ಪ್ರತಿಗಳು ಮಾತ್ರ ವಿಶೇಷವಾಗಿ ಹೆಚ್ಚುವುದಿಲ್ಲ ಎಂದು 1972ರಲ್ಲಿ ಸುಜುಕಿ, ಗೇಜ್ ಮತ್ತು ಬ್ರೌನ್ ತೋರಿಸಿದರು. ಗ್ಲೈಸೀನ್ ಹೊತ್ತು ತರುವ ಟಿ-ಆರ್‌ಎನ್‌ಎ ಈ ಗ್ರಂಥಿಯಲ್ಲಿ ಹೇರಳ. ಅದರ ಜೀನುಗಳು ನಡೆಯುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಪಿ. ಗೋಪಿನಾಥನ್ ಮತ್ತು ಅವರ ಶಿಷ್ಯರು ವರ್ಷಗಟ್ಟಲೆ ಬಿಡಿಸಿ ನೋಡಿದರು. ಕನ್ನಡ ನಾಡಿನ ಬೆಳೆಯೊಂದು ಅಣುಜೀವವಿಜ್ಞಾನಕ್ಕೆ ಕೊಟ್ಟ ಈ ಕೊಡುಗೆ ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕು.

ಗೂಡಿನಿಂದ ಹೊರಬರುವ ಚಿಟ್ಟೆ ಕುಕೂನೇಸ್ ಎಂಬ ಕಿಣ್ವ ಸುರಿಸಿ ಸೆರಿಸಿನ್ನನ್ನು ಕರಗಿಸುತ್ತದೆ. ಹಾಗೆ ತೂತಾದ ಗೂಡಿನಿಂದ ನೂಲು ಸರಾಗವಾಗಿ ಬಿಚ್ಚುವುದಿಲ್ಲ. ಅದಕ್ಕೇ ಚಿಟ್ಟೆ ಏಳುವ ಮೊದಲೇ ಗೂಡಿಗೆ ಶಾಖ ಕೊಡುತ್ತಾರೆ, ಬಿಸಿನೀರಿನಲ್ಲಿ ಅಂಟನ್ನು ಸಡಿಲಿಸಿ ಎಳೆ ಹಿಡಿಯುತ್ತಾರೆ. ಮುಂದೆ ಸೋಪು, ಸೋಡಾ ಹಾಕಿ ಕುದಿಸಿದಾಗ ಉಳಿದ ಸೆರಿಸಿನ್ ಹೋಗಿ, ನೂಲಿನ ತೂಕದಲ್ಲಿ ಸುಮಾರು ಕಾಲು ಭಾಗ ಇಳಿಯುತ್ತದೆ. ಮೃದುತನ, ಹೊಳಪು ಬರುವುದು ಆಗಲೇ. ಶಸ್ತ್ರಚಿಕಿತ್ಸೆಯ ಹೊಲಿಗೆಗೂ ಫೈಬ್ರಾಯಿನ್ ದಾರ ಬಳಕೆಯಲ್ಲಿದೆ. ಕರಗದ ದಾರವೆಂದು ಅದನ್ನು ವರ್ಗೀಕರಿಸಿದ್ದರೂ ದೇಹದ ಕಿಣ್ವಗಳು ನಿಧಾನವಾಗಿ ಅದನ್ನೂ ಒಡೆಯುತ್ತವೆ.