ಕುಂಡದಾಗ ಕೂತು ತಿರುಗಿದ ಅನಾನಸ

ಬ್ರೊಮೆಲಿಯಾಡ್ ಅಂತ ಒಂದು ಗಿಡ ಈಗ ನಮ್ಮ ಕಡೆ ನರ್ಸರಿಯೊಳಗೂ ಸಿಗ್ತದ. ಎಲಿ ಎಲ್ಲಾ ಗುಂಡಗ ಸುತ್ತಿಕೊಂಡು ನಡುವ ಬಟ್ಟಲದಂಗ ಆಗಿರ್ತದ, ಅದರಾಗ ನೀರು ನಿಲ್ತದ, ಮ್ಯಾಲ ಕೆಂಪು ಇಲ್ಲಾ ಹಳದಿ ಬಣ್ಣದ ಹೂವಿನ ತೆನಿ. ತಿಂಗಳುಗಟ್ಟಲೆ ಬಾಡೂದಿಲ್ಲ. ಹೆಸರು ಹೇಳ್ಲಿಕ್ಕೆ ನಾಲಿಗಿ ಹೊರಳೂದಿಲ್ಲ ಅಂತ ಎಲ್ಲಾರೂ ‘ಶೋ ಗಿಡ’ ಅಂದುಬಿಡ್ತಾರ. “ಇವೆಲ್ಲಾ ಇತ್ತಿತ್ಲಾಗ ಫಾರಿನ್ನಿಂದ ಬಂದ ಶೋಕಿ ಬಿಡ್ರಿ ವೈನಿ” ಅಂತಾಳ ನನ್ನ ನಾದಿನಿ.

ಶೋಕಿ ಅನ್ನೋದು ಖರೆ. ಇತ್ತಿತ್ಲಾಗಿನದು ಅನ್ನೋದು ಖರೆ ಅಲ್ಲ. ಈ ಮನೆತನದ್ದೇ ಒಂದು ಗಿಡ ಅಕ್ಬರ್ ಬಾದಶಹನ ಕಾಲಕ್ಕನ ನಮ್ಮ ದೇಶದಾಗ ಕುಂಡದೊಳಗ ಕೂತು ಪ್ರಯಾಣ ಮಾಡ್ತಿತ್ತು. ಅದು ಮತ್ಯಾವುದೂ ಅಲ್ಲ, ಶಿರಾ ಮಾಡ್ಲಿಕ್ಕೆ ಪ್ಯಾಟಿಯಿಂದ ತರ್ತೀವಲ್ಲ, ಆ ಅನಾನಸ.

ಅನಾನಸಿನ ಜುಟ್ಟು ಲಕ್ಷ ಕೊಟ್ಟು ನೋಡ್ರಿ, ಸಂಬಂಧ ತಿಳೀತದ. ಅದೇ ಸುತ್ತು, ಅದೇ ಗಟ್ಟಿ ಎಲಿ. ಈ ಬಳಗದಾಗ ಮೂರು ಸಾವಿರಕ್ಕಿಂತ ಹೆಚ್ಚು ಜಾತಿ ಅವ. ಪಶ್ಚಿಮ ಆಫ್ರಿಕಾದಾಗ ಒಂದೇ ಒಂದು ಬಿಟ್ರ ಉಳಿದವೆಲ್ಲಾ ಅಮೆರಿಕ ಖಂಡದವು. ಅಲ್ಲಿನ ಮೂಲನಿವಾಸಿಗಳು ಎಷ್ಟೋ ಕಾಲದ ಹಿಂದನ ಅನಾನಸನ್ನ ತೋಟದ ಬೆಳಿ ಮಾಡಿಕೊಂಡಿದ್ರು. 1493ರಾಗ ಎರಡನೇ ಸಲ ಹಡಗು ಹತ್ತಿ ಹೋದ ಕೊಲಂಬಸ್ ಗ್ವಾಡೆಲೂಪ್ ದ್ವೀಪದಾಗ ಅದನ್ನ ಕಂಡ. ಕೆಲವು ಪುಸ್ತಕದಾಗ ‘ಕಂಡುಹಿಡಿದ’ ಅಂತ ಬರದಿರ್ತಾರ. ಬೆಳೆದು ತಿನ್ನೋ ಮಂದಿ ಊರಿಗೆ ಹೋಗಿ ಕಂಡುಹಿಡಿಯೂದೇನು ಬಂತು? ಇಂಗ್ಲಿಷರು ಪೈನ್ ಮರದ ಕಾಯಿಯಂಗ ಕಾಣ್ತದ ಅಂತ ಬ್ಯಾರೆ ಹೆಸರಿಟ್ರು. ನಾವು ಬೆಳೆದವರು ಕರೆದಂಗ, ಅವರ ತೂಪಿ ಭಾಷಾದ ಹೆಸರ್ಲೇ, ಇವತ್ತಿಗೂ ಅನಾನಸ ಅಂತೀವಿ.

ನಮ್ಮಲ್ಲಿಗೆ ತಂದವರು ಪೋರ್ಚುಗೀಸರು, 16ನೇ ಶತಮಾನದಾಗ. ಮೆಣಸಿನಕಾಯಿ, ಗೋಡಂಬಿ, ಪ್ಯಾರಲ ಎಲ್ಲಾ ಅದೇ ಹಡಗಿನ ದಾರೀಲೆ ಬಂದವು. ಮೆಣಸಿನಕಾಯಿ ಇಲ್ಲದ ಬ್ಯಾಡಗಿ ಹ್ಯಾಂಗಿತ್ತೋ ನನಗಂತೂ ನೆನಸಿಕೊಳ್ಳಿಕ್ಕೆ ಆಗೂದಿಲ್ಲ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ‘ಐನ್-ಎ-ಅಕ್ಬರಿ’ಯೊಳಗ ಹಣ್ಣಿನ ದರಪಟ್ಟಿ ಕೊಟ್ಟಾನ. ಒಂದು ಅನಾನಸಕ್ಕ 4 ದಾಮ್, ನೂರು ಮಾವಿನಹಣ್ಣಿಗೆ 40 ದಾಮ್. ಅಂದ್ರ ಒಂದು ಅನಾನಸ ಕೊಳ್ಳೋ ರೊಕ್ಕದಾಗ ಹತ್ತು ಮಾವಿನಹಣ್ಣು ಬರ್ತಿದ್ದವು. ಅನಾನಸಕ್ಕ ‘ಕಟಹಲ್-ಎ-ಸಫರಿ’, ಅಂದ್ರ ಪ್ರಯಾಣದ ಹಲಸು, ಅಂತ ಇನ್ನೊಂದು ಹೆಸರಿತ್ತಂತ. ಯಾಕಂದ್ರ ಎಳೇ ಗಿಡ ಒಂದು ಪಾತ್ರಿಯೊಳಗ ಹಚ್ಚಿ ಪ್ರಯಾಣಕ್ಕ ಒಯ್ದ್ರ ಅಲ್ಲೇ ಹಣ್ಣು ಕೊಡ್ತದ ಅಂತ ಆತ ಬರದಾನ. ನಾನು ಇದನ್ನ ಓದಿದಾಗ ಭಾಳ ಖುಷಿ ಆತು. ಬಾಲ್ಕನಿಯೊಳಗ ಕುಂಡ ಜೋಡಿಸೋ ನಮ್ಮಂಥವರಿಗೆ ಬಾದಶಹರ ಕಾಲದ ಆಧಾರ ಸಿಕ್ಕಂಗಾತು! ಮುಂದ ಜಹಾಂಗೀರ ತನ್ನ ಆತ್ಮಚರಿತ್ರೆಯೊಳಗ, ಫರಂಗಿಯವರ ಬಂದರದಾಗ ಆಗೋ ಈ ಹಣ್ಣು ಆಗ್ರಾದ ಗುಲ್ ಅಫ್ಶಾನ್ ತೋಟದಾಗ ವರ್ಷಾ ಸಾವಿರಗಟ್ಟಲೆ ಬಿಡ್ತದ ಅಂತ ಹೇಳ್ಯಾನ.

ಅತ್ತ ಯುರೋಪದವರ ಕಷ್ಟ ಬ್ಯಾರೆ. ಅಲ್ಲಿ ಹಿಮ ಬೀಳ್ತದ, ಈ ಗಿಡಕ್ಕ ಬಿಸಿ ಬೇಕು. ಚಕ್ಕಿ ಹದ ಮಾಡೋರು ಬಿಸಾಡಿದ ಓಕ್ ಮರದ ತೊಗಟಿ ಕೊಳೀಲಿಕ್ಕೆ ಬಿಟ್ಟು, ಅದರ ಕಾವಿನಾಗ ಕುಂಡ ಹುಗಿದಿಟ್ಟು ಬೆಳೆಸೋ ಪದ್ಧತಿ ಅಲ್ಲಿ ಬಂತು. ಹಾಲೆಂಡಿನಾಗ ಆಗ್ನೆಟಾ ಬ್ಲಾಕ್ ಅಂತ ಒಬ್ಬಾಕಿ ಇದ್ಲು. ರೇಷ್ಮಿ ವ್ಯಾಪಾರಿಯ ವಿಧವಾ. ಗಂಡ ಹೋದ ಮ್ಯಾಲ, 1670ರಾಗ, ನದೀ ದಂಡಿ ಮ್ಯಾಲ ಒಂದು ತೋಟ ಕೊಂಡು ದೇಶದೇಶದ ಗಿಡ ಕೂಡಿಹಾಕಿದ್ಲು. 1687ರಾಗ ಆಕಿ ತೋಟದಾಗ ಅನಾನಸ ಹಣ್ಣಾತು. ಯುರೋಪದಾಗ ಇದನ್ನ ಮೊದಲು ಸಾಧಿಸಿದಾಕಿ ಅಂತ ಹೆಸರು ತಗೊಂಡ್ಲು. ಆ ಅಭಿಮಾನಕ್ಕ 1700ರಾಗ ತನ್ನ ಹೆಸರಿನ ಪದಕಾನ ಮಾಡಿಸಿದ್ಲು, ಅದರಾಗ ಅನಾನಸ ಗಿಡಾನೂ ಅದ.

ಆಕಿ ಗಿಡದ ಚಿತ್ರ ಬರೆದುಕೊಟ್ಟವರೊಳಗ ಮರಿಯಾ ಸಿಬಿಲ್ಲಾ ಮೇರಿಯನ್ ಒಬ್ಬಾಕಿ. 1699ರಾಗ, 52ನೇ ವಯಸ್ಸಿಗೆ, ಸಣ್ಣ ಮಗಳನ್ನ ಕರಕೊಂಡು ಹುಳ ಮತ್ತ ಗಿಡ ನೋಡ್ಲಿಕ್ಕೆ ದಕ್ಷಿಣ ಅಮೆರಿಕದ ಸುರಿನಾಮಕ್ಕ ಹಡಗು ಹತ್ತಿದ್ಲು. ಯಾವ ರಾಜಾನೂ ಕಳಿಸಿದ್ದಲ್ಲ, ತನ್ನ ಚಿತ್ರ ಮಾರಿ ರೊಕ್ಕ ಕೂಡಿಸಿದ್ದು. ನನ್ನ ವಯಸ್ಸಿನವರಿಗೆ ಧಾರವಾಡದಿಂದ ಪುಣೆಕ್ಕ ಒಬ್ಬಾಕೀನ ಹೊಂಟ್ರ ಮನ್ಯಾಗ ನಾಕು ಮಂದಿ ಕೇಳ್ತಾರ! 1705ರಾಗ ಬಂದ ಆಕಿ ಪುಸ್ತಕದ ಮೊದಲನೇ ಚಿತ್ರಾನ ಅನಾನಸ, ಅದರ ಮ್ಯಾಲ ಜೊಂಡಿಗ ಹರದಾಡ್ತಾವ.

ಅದೇ ಪುಸ್ತಕದಾಗ ನಮ್ಮ ಅಂಗಳದ ಇನ್ನೊಂದು ಗಿಡ ಅದ, ರತ್ನಗಂಧಿ. ಪೂಜಾಕ್ಕ ಕಿತ್ತು ಏರಸ್ತೀವಲ್ಲ, ಕೆಂಪು ಹಳದಿ ಹೂವು, ಅದು. ಸುರಿನಾಮದ ಕಬ್ಬಿನ ತೋಟದಾಗ ಗುಲಾಮರಾಗಿ ದುಡೀತಿದ್ದ ಹೆಣ್ಣುಮಕ್ಕಳು ಇದರ ಬೀಜ ತಿಂದು ಬಸಿರು ಇಳಿಸಿಕೊಳ್ತಿದ್ರು, ತಮ್ಮ ಕೂಸು ಗುಲಾಮ ಆಗಬಾರದು ಅಂತ. ಹಂಗಂತ ಅವರೇ ನನಗ ಹೇಳಿದ್ರು ಅಂತ ಮೇರಿಯನ್ ಬರದಾಳ. ಇದನ್ನ ಓದಿದ ಮ್ಯಾಲ ಎರಡು ದಿನ ಆ ಗಿಡಕ್ಕ ಕೈ ಹಚ್ಚಲಿಲ್ಲ ನಾನು. ಹಡಗಿನಾಗ ಹಣ್ಣು, ಹೂವು ಬಂದದ್ದು ಓದ್ತೀವಿ, ಅದೇ ಕಾಲಕ್ಕ ಹಡಗಿನಾಗ ಮನುಷ್ಯಾರನ್ನೂ ತುಂಬಿ ಒಯ್ತಿದ್ರು. ಮೇರಿಯನ್ ಹೆಸರು ಉಳೀತು. ಗಿಡದ ಗುಣ ಹೇಳಿಕೊಟ್ಟ ಆ ಹೆಣ್ಣುಮಕ್ಕಳ ಒಂದು ಹೆಸರೂ ಉಳೀಲಿಲ್ಲ.

ಹೆಸರು ಯಾರಿಗೆ ಸಿಕ್ತದ ಅನ್ನೋದೂ ಒಂದು ತಮಾಷೇನ. ಬ್ರೊಮೆಲಿಯಾ ಅನ್ನೋದು ಬ್ರೊಮೆಲಿಯಸ್ ಅಂತ ಸ್ವೀಡನ್ನಿನ ಒಬ್ಬ ಡಾಕ್ಟರನ ಹೆಸರು. ಮಣ್ಣೂ ಬ್ಯಾಡ, ಬರೇ ಗಾಳ್ಯಾಗಿನ ಪಸಿ ಕುಡದು ಬದುಕೋ ಟಿಲ್ಯಾಂಡ್ಸಿಯಾ ಇದೇ ಬಳಗದ್ದು. ಅದಕ್ಕ ಲಿನಿಯಸ್ ಇಟ್ಟದ್ದು ಎಲಿಯಾಸ್ ಟಿಲ್ಯಾಂಡ್ಸ್ ಅನ್ನೋ ಪ್ರೊಫೆಸರನ ಹೆಸರು. ಆತಗ ಹಡಗಿನಾಗ ಎಷ್ಟು ತ್ರಾಸ ಆಗಿತ್ತಂದ್ರ, ತಿರುಗಿ ಬರೂಮುಂದ ಸಮುದ್ರದ ಸಾವಾಸಾನ ಬ್ಯಾಡಂತ ನೂರಾರು ಮೈಲು ಸುತ್ತಿ ನೆಲದ ಮ್ಯಾಲ ಬಂದನಂತ. ಈ ಗಿಡಕ್ಕೂ ನೀರು ಕಂಡ್ರ ಆಗೂದಿಲ್ಲ ಅಂತ ಲಿನಿಯಸ್ ತಿಳಕೊಂಡಿದ್ದ. ನೀರು ಸಿಂಪಡಿಸದ ಬಿಟ್ರ ಅದು ಒಣಗ್ತದ, ಅದು ಬ್ಯಾರೆ ಮಾತು.

ಈಗ ಮನ್ಯಾಗಿನ ಗಿಡದ ಮಾತು. ಬ್ರೊಮೆಲಿಯಾಡ್ ಹೂವು ಬಿಡಲಿಲ್ಲ ಅಂತ ಭಾಳ ಮಂದಿ ಗೊಣಗ್ತಾರ. ಇದರ ಉಪಾಯ ಅನಾನಸ ಬೆಳೆಯೋರಿಗೆ ಹೊಗಿಯಿಂದ ಸಿಕ್ಕಿತು. 1870ರ ದಶಕದಾಗ ಅಜೋರ್ಸ್ ದ್ವೀಪದ ಒಂದು ಗಾಜಿನ ಮನ್ಯಾಗ ಹೊಗಿ ತುಂಬಿ, ಒಳಗಿನ ಅನಾನಸ ಗಿಡ ಎಲ್ಲಾ ಒಮ್ಮೆಲೇ ಹೂವು ಬಿಟ್ಟವು. ಹೊಗಿಯಾಗಿನ ಎಥಿಲೀನ್ ಗಾಳಿ ಅದಕ್ಕ ಕಾರಣ ಅಂತ ಆಮ್ಯಾಲ ತಿಳೀತು. ನಮ್ಮ ಹಿರಿಯರು ಬಾಳೆಗೊನಿಗೆ ಹೊಗಿ ಹಾಕೋದು, ಮಾವಿನಕಾಯಿ ಹುಲ್ಲಿನಾಗ ಅಡಿ ಹಾಕೋದು ಅದೇ ಗಾಳಿಯ ಲೆಕ್ಕ. ಬಟ್ಟಲದಾಗಿನ ನೀರು ಚೆಲ್ಲಿ, ಬೆಳೆದ ಗಿಡಕ್ಕ ಮಾಗಿದ ಸೇಬಿನ ಜೋಡಿ ಪ್ಲಾಸ್ಟಿಕ್ ಚೀಲ ಮುಚ್ಚಿ ಒಂದು ವಾರ ನೆರಳಾಗ ಇಡ್ರಿ. ಒಂದೆರಡು ತಿಂಗಳಿಗೆ ಹೂವಿನ ತೆನಿ ಏಳ್ತದ.

ಹೂವು ಆದ ಮ್ಯಾಲ ತಾಯಿಗಿಡ ಮೆಲ್ಲಕ ಬಾಡ್ತದ. ಒಂದು ಗಿಡ ಒಂದೇ ಸಲ ಹೂವು ಬಿಡೋದು, ಬಾಳಿಗಿಡದಂಗ. ಗಿಡ ಸತ್ತೇ ಹೋತು ಅಂತ ಹೊರಗ ಒಗೀಬ್ಯಾಡ್ರಿ, ಬುಡಕ್ಕ ಮರಿ ಒಡದಿರ್ತಾವ. ತಾಯಿಯ ಮೂರನೇ ಒಂದು ಪಾಲು ಬೆಳೆದ ಮ್ಯಾಲ ಬಿಡಿಸಿ ಹಚ್ಚಬೇಕು. ನಡುವಿನ ನೀರು ವಾರಕ್ಕೊಮ್ಮೆ ಚೆಲ್ಲಿ ಹೊಸಾದು ಹಾಕ್ರಿ, ಇಲ್ಲಂದ್ರ ಡೆಂಗಿ ಸೊಳ್ಳಿ ಅಲ್ಲೇ ತತ್ತಿ ಇಡ್ತದ. ರೊಕ್ಕ ಹಾಕ್ಲಿಕ್ಕೆ ಮನಸಿಲ್ಲಂದ್ರ ಬನವಾಸಿ ಕಡಿಂದ ಬರೋ ಅನಾನಸಿನ ಜುಟ್ಟನ್ನ ತಿರುವಿ ತಗದು, ಕೆಳಗಿನ ನಾಕು ಎಲಿ ಕಿತ್ತು, ಎರಡು ದಿನ ಒಣಗಿಸಿ ಕುಂಡದಾಗ ಹಚ್ಚರಿ. ಹಣ್ಣಿಗೆ ಎರಡು ವರ್ಷದ ಮ್ಯಾಲೇ ಕಾಯಬೇಕು.