ವಾಟ್ಸಾಪ್ ಪ್ರಸಾರ ಪಟ್ಟಿ

ವಾಟ್ಸಾಪ್ ಪ್ರಸಾರ ಪಟ್ಟಿ ಅಥವಾ ಬ್ರಾಡ್‌ಕಾಸ್ಟ್ ಲಿಸ್ಟ್ ಎಂಬುದು ಒಂದೇ ಸಂದೇಶವನ್ನು ಹಲವರಿಗೆ ಏಕಕಾಲದಲ್ಲಿ, ಆದರೆ ಪ್ರತಿಯೊಬ್ಬರಿಗೂ ಖಾಸಗಿಯಾಗಿ ಕಳುಹಿಸಲು ವಾಟ್ಸಾಪ್ ತಂತ್ರಾಂಶದಲ್ಲಿರುವ ಒಂದು ಸೌಲಭ್ಯ. ಶಾಲೆಗಳು, ಸಂಘ-ಸಂಸ್ಥೆಗಳು, ಸಣ್ಣ ವ್ಯಾಪಾರಿಗಳು ಹಾಗೂ ಆಮಂತ್ರಣ ಕಳುಹಿಸುವ ಕುಟುಂಬಗಳು ಇದನ್ನು ಬಳಸುತ್ತಾರೆ. ಒಂದು ಪಟ್ಟಿಯಲ್ಲಿ ಗರಿಷ್ಠ 256 ಜನರನ್ನು ಸೇರಿಸಬಹುದು. ಅದಕ್ಕಿಂತ ಹೆಚ್ಚು ಜನರಿದ್ದಲ್ಲಿ ಬೇರೆ ಬೇರೆ ಪಟ್ಟಿಗಳನ್ನು ರಚಿಸಿಕೊಳ್ಳಬೇಕಾಗುತ್ತದೆ.

ಗುಂಪಿಗೂ ಪ್ರಸಾರ ಪಟ್ಟಿಗೂ ಇರುವ ವ್ಯತ್ಯಾಸ

ವಾಟ್ಸಾಪ್ ಗುಂಪಿನಲ್ಲಿ ಸದಸ್ಯರ ದೂರವಾಣಿ ಸಂಖ್ಯೆಗಳು ಪರಸ್ಪರ ಕಾಣಿಸುತ್ತವೆ. ಒಬ್ಬರು ಬರೆದ ಉತ್ತರ ಎಲ್ಲರಿಗೂ ತಲುಪುತ್ತದೆ. ಪ್ರಸಾರ ಪಟ್ಟಿಯಲ್ಲಿ ಹಾಗಲ್ಲ. ಸಂದೇಶವು ಪ್ರತಿಯೊಬ್ಬರಿಗೂ ಸಾಮಾನ್ಯ ವೈಯಕ್ತಿಕ ಸಂದೇಶದಂತೆಯೇ ತಲುಪುತ್ತದೆ. ಪಟ್ಟಿಯಲ್ಲಿ ಬೇರೆ ಯಾರಿದ್ದಾರೆಂಬುದು ಸ್ವೀಕರಿಸಿದವರಿಗೆ ತಿಳಿಯುವುದಿಲ್ಲ. ಉತ್ತರವು ಕಳುಹಿಸಿದವರಿಗೆ ಮಾತ್ರ ಬರುತ್ತದೆ. ಅಪರಿಚಿತರ ಕೈಗೆ ತಮ್ಮ ಸಂಖ್ಯೆ ಸಿಗಬಾರದೆಂದು ಬಯಸುವ ಪೋಷಕರು ಅಥವಾ ಗ್ರಾಹಕರಿರುವಲ್ಲಿ ಈ ಕಾರಣದಿಂದ ಗುಂಪಿಗಿಂತ ಪ್ರಸಾರ ಪಟ್ಟಿಯೇ ಸೂಕ್ತ. ಚರ್ಚೆ ಅಗತ್ಯವಿದ್ದಲ್ಲಿ ಮಾತ್ರ ಗುಂಪು ಉಪಯುಕ್ತ.

ಸಂದೇಶ ತಲುಪುವ ನಿಯಮ

ಕಳುಹಿಸುವವರ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಪ್ರಸಾರ ಪಟ್ಟಿಯ ಸಂದೇಶ ತಲುಪುತ್ತದೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸುದ್ದಿ ಮುಟ್ಟಿತೆಂದು ಭಾವಿಸುವಂತಿಲ್ಲ. ಪರೀಕ್ಷೆಯ ದಿನಾಂಕ ಬದಲಾವಣೆಯಂತಹ ಮಹತ್ತ್ವದ ವಿಷಯಗಳಲ್ಲಿ ಇದರಿಂದ ತೊಂದರೆಯಾಗಬಹುದು. ಆದ್ದರಿಂದ ಸಂಖ್ಯೆಯನ್ನು ಉಳಿಸಿಕೊಳ್ಳುವಂತೆ ಮೊದಲೇ ಎಲ್ಲರಿಗೂ ತಿಳಿಸುವುದು ಅವಶ್ಯಕ. ಕಳುಹಿಸಿದ ಸಂದೇಶದ ಮಾಹಿತಿಯನ್ನು ತೆರೆದರೆ ಅದು ಯಾರಿಗೆ ತಲುಪಿದೆ ಎಂಬುದು ಕಾಣುತ್ತದೆ. ಉಳಿದವರಿಗೆ ಕರೆ ಮಾಡಿ ತಿಳಿಸಬಹುದು.

ಸಂಪರ್ಕಗಳ ವರ್ಗೀಕರಣ

ಪಟ್ಟಿ ರಚಿಸುವ ಮೊದಲು ಮೊಬೈಲಿನಲ್ಲಿರುವ ಸಂಪರ್ಕಗಳನ್ನು ವ್ಯವಸ್ಥಿತಗೊಳಿಸಿದರೆ ಕೆಲಸ ಸುಲಭವಾಗುತ್ತದೆ. ಸಾಮಾನ್ಯವಾಗಿ ಅನುಸರಿಸುವ ಕ್ರಮಗಳು ಹೀಗಿವೆ:

• ಹೆಸರಿನ ಮೊದಲು ಒಂದೇ ಬಗೆಯ ಗುರುತನ್ನು ಸೇರಿಸುವುದು. ಉದಾಹರಣೆಗೆ, ಹತ್ತನೆಯ ತರಗತಿಯ ಪೋಷಕರ ಹೆಸರುಗಳ ಮೊದಲು ‘10ಪೋ’ ಎಂದು ಬರೆದರೆ, ಹುಡುಕಿದಾಗ ಅವರೆಲ್ಲರೂ ಒಟ್ಟಿಗೆ ದೊರೆಯುತ್ತಾರೆ.
• ಸಂಖ್ಯೆಯ ಹಿಂದೆ ದೇಶದ ಸಂಕೇತವನ್ನು ಸೇರಿಸುವುದು. ಭಾರತದ ಸಂಕೇತ +91. ವಿದೇಶದಲ್ಲಿರುವವರ ಸಂಖ್ಯೆಗಳಿಗೆ ಆಯಾ ದೇಶದ ಸಂಕೇತ ಕಡ್ಡಾಯವಾಗಿ ಇರಬೇಕು.
• ಎರಡೆರಡು ಬಾರಿ ದಾಖಲಾದ ಹೆಸರುಗಳನ್ನು ಒಂದುಗೂಡಿಸುವುದು. ಬಳಕೆಯಲ್ಲಿಲ್ಲದ ಸಂಖ್ಯೆಗಳನ್ನು ಅಳಿಸುವುದು.
• ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಲೇಬಲ್‌ಗಳನ್ನು ನೀಡುವುದು. ಹೆಸರುಗಳು ಬಹಳವಿದ್ದರೆ ಕಂಪ್ಯೂಟರಿನ ಕೋಷ್ಟಕದಲ್ಲಿ ಬರೆದು, ಸಿಎಸ್‌ವಿ ಕಡತದ ರೂಪದಲ್ಲಿ ಅಲ್ಲಿಗೆ ಸೇರಿಸಬಹುದು.

2018ರಲ್ಲಿ ಬಿಡುಗಡೆಯಾದ ವಾಟ್ಸಾಪ್ ಬಿಸಿನೆಸ್ ತಂತ್ರಾಂಶದಲ್ಲಿ ಗ್ರಾಹಕರನ್ನು ಲೇಬಲ್‌ಗಳ ಮೂಲಕ ವಿಂಗಡಿಸುವ ಸೌಲಭ್ಯವಿದೆ.

ನಿರ್ಬಂಧಗಳು

ಒಂದೇ ಸಂದೇಶ ಕ್ಷಣಾರ್ಧದಲ್ಲಿ ನೂರಾರು ಜನರಿಗೆ ಹರಡುವುದರ ಅಪಾಯ ಭಾರತದಲ್ಲಿ 2018ರಲ್ಲಿ ಸ್ಪಷ್ಟವಾಯಿತು. ಮಕ್ಕಳ ಕಳ್ಳರ ಕುರಿತ ವದಂತಿಗಳು ವಾಟ್ಸಾಪ್ ಮೂಲಕ ಹಬ್ಬಿ, ಹಲವೆಡೆ ಅಮಾಯಕರ ಮೇಲೆ ಗುಂಪು ಹಲ್ಲೆಗಳು ನಡೆದವು. ಅದೇ ವರ್ಷದ ಜುಲೈನಲ್ಲಿ ಕರ್ನಾಟಕದ ಬೀದರ್ ಜಿಲ್ಲೆಯಲ್ಲಿ ಇಂತಹ ಹಲ್ಲೆಯಿಂದ ಹೈದರಾಬಾದಿನ ಯುವಕರೊಬ್ಬರು ಮೃತಪಟ್ಟರು. ಆ ತಿಂಗಳಿನಲ್ಲಿಯೇ ವಾಟ್ಸಾಪ್, ಭಾರತದ ಬಳಕೆದಾರರು ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡುವಂತೆ ಮಿತಿ ವಿಧಿಸುವುದಾಗಿ ಪ್ರಕಟಿಸಿತು. 2019ರಲ್ಲಿ ಈ ಮಿತಿ ಜಗತ್ತಿನಾದ್ಯಂತ ಜಾರಿಗೆ ಬಂದಿತು. 2020ರ ಏಪ್ರಿಲ್‌ನಲ್ಲಿ, ಈಗಾಗಲೇ ಹಲವು ಬಾರಿ ಮುಂದೂಡಲ್ಪಟ್ಟ ಸಂದೇಶಗಳಿಗೆ ಒಮ್ಮೆಗೆ ಒಂದೇ ಕಡೆಯ ಮಿತಿಯನ್ನು ವಿಧಿಸಲಾಯಿತು.

ಸ್ವಯಂಚಾಲಿತ ಸಾಧನಗಳಿಂದ ರಾಶಿ ಸಂದೇಶ ಕಳುಹಿಸುವುದು ವಾಟ್ಸಾಪ್ ಷರತ್ತುಗಳಿಗೆ ವಿರುದ್ಧ. ಅಂತಹ ಖಾತೆಗಳನ್ನು ಅದು ನಿಷೇಧಿಸುತ್ತದೆ. ಸ್ವೀಕರಿಸಿದವರು ಆಕ್ಷೇಪಿಸಿ ದೂರು ನೀಡಿದರೂ ಖಾತೆಗೆ ತೊಂದರೆಯಾಗಬಹುದು.

ಖಾಸಗಿತನ ಮತ್ತು ಸಮ್ಮತಿ

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಸ್ವಂತ ಹಾಗೂ ಮನೆಯ ಉದ್ದೇಶಕ್ಕೆ ವ್ಯಕ್ತಿಗಳು ಇಟ್ಟುಕೊಳ್ಳುವ ಮಾಹಿತಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಸಂಸ್ಥೆಗಳು ಸಂಗ್ರಹಿಸುವ ಸಂಖ್ಯೆಗಳು ಬರುತ್ತವೆ. ಆದ್ದರಿಂದ ಒಂದು ಉದ್ದೇಶಕ್ಕೆ ಪಡೆದ ಸಂಖ್ಯೆಯನ್ನು ಮತ್ತೊಂದಕ್ಕೆ ಬಳಸದಿರುವುದು, ಬೇಡವೆಂದವರ ಹೆಸರನ್ನು ಕೂಡಲೇ ತೆಗೆಯುವುದು ಹಾಗೂ ಪಟ್ಟಿಯನ್ನು ಇತರರಿಗೆ ಹಂಚದಿರುವುದು ಪ್ರಸಾರ ಪಟ್ಟಿ ಬಳಸುವ ಸಂಸ್ಥೆಗಳು ಪಾಲಿಸಬೇಕಾದ ಮುಖ್ಯ ಎಚ್ಚರಿಕೆಗಳಾಗಿವೆ.