ಇನ್ನೂರೆಪ್ಪತ್ತನೆಯವರು ಯಾರು?

ರಾಜ್ಯಗಳು ಬಿದ್ದ ಕಥೆಗಳನ್ನು ಚರಿತ್ರೆಯಲ್ಲಿ ನಾವು ಬೇಕಾದಷ್ಟು ಓದಿದ್ದೇವೆ. ೧೫೬೫ರಲ್ಲಿ ವಿಜಯನಗರವೂ ೧೭೯೯ರಲ್ಲಿ ಶ್ರೀರಂಗಪಟ್ಟಣವೂ ಬೀಳುವುದಕ್ಕೆ ಕುದುರೆ, ಫಿರಂಗಿ, ಸಾವಿರಾರು ಸೈನಿಕರು ಬೇಕಾದರು. ಆದರೆ ೧೯೯೯ನೆಯ ಇಸವಿ ಏಪ್ರಿಲ್ ೧೭ನೆಯ ಶನಿವಾರ ದೆಹಲಿಯಲ್ಲಿ ಒಂದು ಸರ್ಕಾರ ಬೀಳುವುದಕ್ಕೆ ಒಬ್ಬರು ಒಂದು ಗುಂಡಿಯನ್ನು ಒತ್ತಿದ್ದೇ ಸಾಕಾಯಿತೆಂದು ಸುದ್ದಿ ಹಬ್ಬಿತು. ಆ ದಿನದ ಸುದ್ದಿಯನ್ನು ಈಗ ತಿರುಗಿ ನೋಡಿದರೆ ನಗು ಬರುತ್ತದೆ. ನಕ್ಕ ತರುವಾಯ ಒಂದು ವಿಚಾರವೂ ಉಳಿಯುತ್ತದೆ.

ಕಥೆಯ ಪೀಠಿಕೆ ಚಹದ ಬಟ್ಟಲಿನಲ್ಲಿದೆ. ಮಾರ್ಚ್ ೨೯ರಂದು ಸುಬ್ರಮಣಿಯನ್ ಸ್ವಾಮಿಯವರು ದೆಹಲಿಯ ಅಶೋಕಾ ಹೋಟೆಲಿನಲ್ಲಿ ಚಹಾಕೂಟವೊಂದನ್ನು ಏರ್ಪಡಿಸಿದರು. ಶ್ರೀಮತಿ ಸೋನಿಯಾ ಗಾಂಧಿಯವರೂ ಕುಮಾರಿ ಜಯಲಲಿತೆಯವರೂ ಅಲ್ಲಿ ಕಲೆತರು. ಚಹದ ರುಚಿ ಹೇಗಿತ್ತೆಂಬುದನ್ನು ಚರಿತ್ರಕಾರರಾರೂ ದಾಖಲೆ ಮಾಡಿದಂತಿಲ್ಲ. ಅದರ ಬಿಸಿ ಮಾತ್ರ ವಾಜಪೇಯಿಯವರ ಸರ್ಕಾರಕ್ಕೆ ತಟ್ಟಿತು. ಏಪ್ರಿಲ್ ೧೪ರಂದು ಅಣ್ಣಾ ದ್ರಾವಿಡ ಮುನ್ನೇತ್ರ ಕಳಗವು ತನ್ನ ೧೮ ಸದಸ್ಯರ ಬೆಂಬಲವನ್ನು ಹಿಂತೆಗೆದುಕೊಂಡಿತು. ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಅವರು, ಸಭೆಯ ವಿಶ್ವಾಸವಿದೆಯೆಂದು ತೋರಿಸಿರೆಂದು ಪ್ರಧಾನಿಗೆ ಸೂಚಿಸಿದರು. ಅಣ್ಣಾ ಕಳಗ ಈ ಬಾಗಿಲಿನಿಂದ ಹೊರಟೊಡನೆ, ಅದರ ಹಗೆಯಾದ ದ್ರಾವಿಡ ಮುನ್ನೇತ್ರ ಕಳಗ ಆ ಬಾಗಿಲಿನಿಂದ ಒಳಬಂದು ಸರ್ಕಾರದ ಪಕ್ಕದಲ್ಲಿ ಕುಳಿತಿತು.

ಮತದ ದಿನ ಲೆಕ್ಕವೆಲ್ಲ ತಲೆಕೆಳಗಾಯಿತು. ತಟಸ್ಥರಾಗಿರುವರೆಂದು ಸರ್ಕಾರದ ಪಕ್ಷದವರು ನಂಬಿದ್ದ ಬಹುಜನ ಸಮಾಜ ಪಕ್ಷದ ಐವರು ವಿರುದ್ಧವಾಗಿ ಮತವಿತ್ತರು. ನ್ಯಾಷನಲ್ ಕಾನ್ಫರೆನ್ಸಿನ ಸೈಫುದ್ದೀನ್ ಸೋಜರು ತಮ್ಮ ಪಕ್ಷದ ಆಜ್ಞೆಯನ್ನು ಮೀರಿ ಸರ್ಕಾರದ ವಿರುದ್ಧ ನಿಂತರು. ಪಕ್ಷ ಅವರನ್ನು ಹೊರಹಾಕಿತು. ಇನ್ನು ಗಿರಿಧರ ಗಮಾಂಗರ ಸಂಗತಿ. ೧೯೭೨ರಿಂದಲೂ ಕೋರಾಪುಟದಿಂದ ಲೋಕಸಭೆಗೆ ಬರುತ್ತಿದ್ದ ಇವರು ಆ ಫೆಬ್ರವರಿಯಲ್ಲಿ ಒರಿಸ್ಸದ ಮುಖ್ಯಮಂತ್ರಿಯಾಗಿದ್ದರು. ಲೋಕಸಭೆಯ ಸ್ಥಾನಕ್ಕೆ ಇನ್ನೂ ರಾಜೀನಾಮೆ ಕೊಟ್ಟಿರಲಿಲ್ಲ. ಶಾಸನಸಭೆಯ ಸದಸ್ಯರಲ್ಲದವರೂ ಆರು ತಿಂಗಳ ಕಾಲ ಮಂತ್ರಿಯಾಗಿರಲು ಸಂವಿಧಾನ ಅವಕಾಶ ಕೊಟ್ಟಿದೆ. ಹೀಗೆ ಒಂದು ಕಾಲು ಭುವನೇಶ್ವರದಲ್ಲಿ, ಇನ್ನೊಂದು ಕಾಲು ದೆಹಲಿಯಲ್ಲಿ! ಸಭಾಧ್ಯಕ್ಷ ಬಾಲಯೋಗಿಯವರು ಮತ ಕೊಡುವುದನ್ನೂ ಬಿಡುವುದನ್ನೂ ಗಮಾಂಗರ ಅಂತಃಸಾಕ್ಷಿಗೇ ಬಿಟ್ಟರು. ಅಂತಃಸಾಕ್ಷಿ ಕಾಂಗ್ರೆಸ್ ಪಕ್ಷದ್ದೇ ಆದುದರಿಂದ ಫಲ ಏನೆಂದು ಹೇಳಬೇಕಾಗಿಲ್ಲ. ಫಲಕದ ಮೇಲೆ ಅಂಕಿಗಳು ಮೂಡಿದವು: ಪರ ೨೬೯, ವಿರುದ್ಧ ೨೭೦.

ಆಮೇಲೆ ನಡೆದುದು ಇನ್ನೂ ವಿನೋದವಾದುದು. ಏಪ್ರಿಲ್ ೨೧ರಂದು ಸೋನಿಯಾ ಗಾಂಧಿಯವರು ತಮಗೆ ೨೭೨ ಮಂದಿಯ ಬೆಂಬಲವಿದೆಯೆಂದು ಸಾರಿದರು. ಮುಲಾಯಂ ಸಿಂಗರು ಒಲ್ಲೆನೆಂದುದರಿಂದ ಅದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತು. ಬೀಳಿಸುವುದಕ್ಕೆ ಒಂದಾದವರು ಕಟ್ಟುವುದಕ್ಕೆ ಒಂದಾಗಲಿಲ್ಲ. ಏಪ್ರಿಲ್ ೨೬ರಂದು ಲೋಕಸಭೆಯೇ ವಿಸರ್ಜನೆಗೊಂಡಿತು. ಮೇ ತಿಂಗಳಿನಲ್ಲಿ ಕಾರ್ಗಿಲ್ಲಿನ ಯುದ್ಧ ಒದಗಿದಾಗ ವಿಶ್ವಾಸ ಕಳೆದುಕೊಂಡ ಆ ಸರ್ಕಾರವೇ ಅದನ್ನು ನಡೆಸಬೇಕಾಯಿತು. ಇಲ್ಲಿ ನಗುವುದಕ್ಕೆ ಏನೂ ಇಲ್ಲ. ಶರತ್ಕಾಲದ ಚುನಾವಣೆಯಲ್ಲಿ ನಮ್ಮ ನೆರೆಯ ಬಳ್ಳಾರಿಗೂ ದೆಹಲಿಯ ಗಾಳಿ ಬೀಸಿತು. ಸೋನಿಯಾ ಗಾಂಧಿಯವರಿಗೆ ಎದುರಾಗಿ ನಿಂತ ಸುಷ್ಮಾ ಸ್ವರಾಜರು ಕನ್ನಡ ಕಲಿತು ಕನ್ನಡದಲ್ಲಿಯೇ ಭಾಷಣ ಮಾಡಿದರು. ಆದರೂ ೫೬,೦೦೦ ಮತಗಳಷ್ಟು ಹಿಂದುಳಿದು ಸೋತರು. ಗೆದ್ದವರು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಸೋತವರಿಗೆ ಕನ್ನಡವಾದರೂ ಉಳಿಯಿತು. ಅಕ್ಟೋಬರ್ ೧೩ರಂದು ವಾಜಪೇಯಿಯವರೇ ಮತ್ತೆ ಪ್ರಧಾನಿಯಾದರು. ೧೯೯೬ರಲ್ಲಿ ೧೩ ದಿನ, ೧೯೯೮ರಿಂದ ೧೩ ತಿಂಗಳು ಆಳಿದವರು ೧೩ನೆಯ ಲೋಕಸಭೆಯಲ್ಲಿ ೧೩ನೆಯ ತಾರೀಖಿನಂದೇ ಪ್ರಮಾಣವಚನ ತೆಗೆದುಕೊಂಡರೆಂದರೆ ಪಂಚಾಂಗದವರಿಗೂ ಸ್ವಲ್ಪ ಸಂತೋಷವಾಗಿರಬೇಕು.

ಇನ್ನು ನಾವು ಹೇಳಹೊರಟ ವಿಚಾರ. ಅಂದಿನಿಂದ ಇಂದಿನವರೆಗೆ ಸರ್ಕಾರ ಕೆಡವಿದವರಾರೆಂದು ಕೇಳಿದರೆ ಜನ ಗಮಾಂಗರನ್ನೇ ಹೆಸರಿಸುತ್ತಾರೆ. ಅವರು ಮತ ಕೊಡದೆ ಕುಳಿತಿದ್ದರೆ ಏನಾಗುತ್ತಿತ್ತು? ೨೬೯ಕ್ಕೆ ೨೬೯ ಸಮನಾಗಿ, ಸಭಾಧ್ಯಕ್ಷರು ನಿರ್ಣಾಯಕ ಮತ ಕೊಡಬೇಕಾಗುತ್ತಿತ್ತು. ಸೋಜರು ಪಕ್ಷದ ಮಾತು ಕೇಳಿದ್ದರೂ, ಆ ಐವರಲ್ಲಿ ಒಬ್ಬರು ಸುಮ್ಮನಿದ್ದರೂ ಲೆಕ್ಕ ಬದಲಾಗುತ್ತಿತ್ತು. ಹಾಗಾದರೆ ಇನ್ನೂರೆಪ್ಪತ್ತನೆಯವರು ಯಾರು? ಮತಗಳ ಮೇಲೆ ಕ್ರಮಸಂಖ್ಯೆ ಬರೆದಿರುವುದಿಲ್ಲ. ಇನ್ನೂರೆಪ್ಪತ್ತು ಮಂದಿಯೂ ಇನ್ನೂರೆಪ್ಪತ್ತನೆಯವರೇ. ಸುದ್ದಿಗೆ ಒಂದು ಹೆಸರು ಬೇಕಿತ್ತು, ಒಬ್ಬರು ಸಿಕ್ಕಿದರು. ಉಳಿದವರು ಗುಂಪಿನಲ್ಲಿ ಮರೆಯಾದರು.

ಗಡಿಯಾಚೆಯ ಕನ್ನಡಿಗರಾದ ನಮಗೆ ಈ ಲೆಕ್ಕ ದೂರದ್ದಲ್ಲ. ೧೯೫೩ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಸೇರಿಸಿದಾಗ ಭಾಷಿಕರ ತಲೆಯೆಣಿಕೆಯೇ ಒಂದು ಮುಖ್ಯ ಆಧಾರವಾಗಿತ್ತು. ಇಷ್ಟಾದರೂ ಜನಗಣತಿಯವರು ಬಾಗಿಲಿಗೆ ಬಂದಾಗ, "ನಮ್ಮದೊಂದು ಮನೆಯಿಂದ ಏನಾದೀತು, ಏನಾದರೂ ಬರೆದುಕೊಳ್ಳಿ" ಎನ್ನುವವರು ನಮ್ಮಲ್ಲಿ ಉಂಟು. ಕನ್ನಡ ಶಾಲೆಗೆ ಮಕ್ಕಳು ಸಾಲದೆಂದು ಮರುಗುತ್ತಲೇ ತಮ್ಮ ಮಗುವನ್ನು ಬೇರೆಡೆಗೆ ಕಳುಹಿಸುವವರೂ ಉಂಟು. ಅಂಥ ಮಹನೀಯರಿಗೆ ನಾವು ಉಪದೇಶ ಮಾಡುವುದಿಲ್ಲ. ಏಪ್ರಿಲ್ ೧೭ರ ಆ ಎರಡು ಅಂಕಿಗಳನ್ನು ಮಾತ್ರ ಬರೆದು ತೋರಿಸುತ್ತೇವೆ. ಕಳೆಯುವ ಲೆಕ್ಕವನ್ನು ಅವರೇ ಮಾಡಿಕೊಳ್ಳಲಿ.